ಅವಳೊಬ್ಬಳೇ ಹಾಡುವ ಹಾಡು: ಕನ್ನಡ ಚಿತ್ರರಂಗದವರಿಗೊಂದು ಬಹಿರಂಗ ಪತ್ರ

ಕನ್ನಡ ಚಲನಚಿತ್ರಗಳ ನಿರ್ಮಾಪಕರು, ನಿರ್ದೇಶಕರು ಮತ್ತು ಸಂಗೀತ ನಿರ್ದೇಶಕರಲ್ಲಿ ಸವಿನಯ ನಮಸ್ಕಾರಗಳು.

ಹೋದ ವರ್ಷ ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಯವರು ಪ್ರೌಢಶಾಲೆಯ ಮಕ್ಕಳಿಗಾಗಿ ಕನ್ನಡ ಚಿತ್ರಗೀತೆಗಳ ಸ್ಪರ್ಧೆಯೊಂದನ್ನು ಏರ್ಪಡಿಸಿ, ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾಗಿರುವ ನನ್ನನ್ನೂ ತೀರ್ಪುಗಾರರ ಸಾಲಿನಲ್ಲಿ ಕೂರಿಸಿದ್ದರು. ಹಾಡಿದ ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಮಂದಿ ಹುಡುಗಿಯರು. ಅವರಲ್ಲಿ ಐವರು ತಮ್ಮ ಅಜ್ಜಿಯರ ಕಾಲದ ಹಾಡುಗಳನ್ನು ಹಾಡಿದರು. ಉಳಿದ ನಾಲ್ವರು ಹೊಸ ಹಾಡುಗಳನ್ನೇ ಆರಿಸಿಕೊಂಡಿದ್ದರು, ಆದರೆ ಆ ನಾಲ್ಕೂ ಚಿತ್ರದಲ್ಲಿ ನಾಯಕ ಹಾಡುವ ಹಾಡುಗಳು. ಹುಡುಗಿಯೊಬ್ಬಳ ಕಣ್ಣು, ನಗು, ನಡಿಗೆಗಳನ್ನು ಹೊಗಳುವ ಪಲ್ಲವಿಯನ್ನು ಒಂಬತ್ತನೆಯ ತರಗತಿಯ ಹುಡುಗಿಯೇ ಕಣ್ಣು ಮುಚ್ಚಿಕೊಂಡು ಭಕ್ತಿಯಿಂದ ಹಾಡುತ್ತಿದ್ದುದನ್ನು ಕೇಳಿ ನನಗೆ ಕಸಿವಿಸಿಯಾಯಿತು. ಅವಳು ವೇದಿಕೆಯಿಂದ ಇಳಿದ ಮೇಲೆ, ಹೆಣ್ಣುಧ್ವನಿಯ ಹಾಡನ್ನೇ ಏಕೆ ಆರಿಸಿಕೊಳ್ಳಲಿಲ್ಲವೆಂದು ಮೆಲ್ಲಗೆ ಕೇಳಿದೆ. "ಹೊಸದರಲ್ಲಿ ನಮ್ದು ಅಂತ ಹಾಡು ಎಲ್ಲಿದೆ ಮಿಸ್?" ಎಂದಳು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ತಾವೆಂದು ನಂಬಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ಅಭಿರುಚಿ ಎಲ್ಲಿಂದ ಬಂತೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಶಿವಮೊಗ್ಗದ ಹಳೆಯ ವಠಾರವೊಂದರಲ್ಲಿ ಬೆಳೆದ ನಮಗೆ ಸಂಗೀತವೆಂದರೆ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ. ಅಡುಗೆಮನೆಯ ಗೂಡಿನಲ್ಲಿದ್ದ ರೇಡಿಯೊದ ಸುತ್ತ ನಮ್ಮ ಮನೆಯಲ್ಲಿ ಮೂರು ಪಕ್ಷಗಳಿದ್ದವು. ಅಮ್ಮನಿಗೆ ಪಿ. ಸುಶೀಲಾ ಬಿಟ್ಟರೆ ಬೇರೊಬ್ಬರಿಲ್ಲ. "ಒಂದು ಅಕ್ಷರವೂ ಒಡೆಯೋದಿಲ್ಲ ನೋಡು" ಎನ್ನುವುದು ಅವರ ವಾದ. ಅಕ್ಕ ಎಸ್. ಜಾನಕಿಯವರ ಕಡೆ. ನಾನು ಮಾತ್ರ ಮೊದಲಿನಿಂದಲೂ ವಾಣಿ ಜಯರಾಂ ಅವರನ್ನು ಹಿಡಿದುಕೊಂಡವಳು, ಇಂದಿಗೂ ಬಿಟ್ಟಿಲ್ಲ. ಎಲ್.ಆರ್. ಈಶ್ವರಿಯವರ 'ಜೋಕೆ ನಾನು ಬಳ್ಳಿಯ ಮಿಂಚು' ಬಂದಾಗ ಅಮ್ಮ ಎದ್ದು ಹೋಗಿ ಧ್ವನಿ ತಗ್ಗಿಸುತ್ತಿದ್ದರು, ಆದರೆ ರೊಟ್ಟಿ ತಟ್ಟುವ ಕೈ ತಾಳವನ್ನು ಬಿಡುತ್ತಿರಲಿಲ್ಲ. ಯಾರ ಹಾಡು ಹೆಚ್ಚು ಎಂದು ನಾವು ಜಗಳವಾಡುತ್ತಿದ್ದಾಗ ನಮಗೆ ತಿಳಿಯದೆ ಇದ್ದ ಒಂದು ಸಂಗತಿ ಇಂದು ನನಗೆ ಸ್ಪಷ್ಟವಾಗಿ ಕಾಣುತ್ತಿದೆ: ಜಗಳವಾಡುವಷ್ಟು ಬೇರೆಬೇರೆಯಾದ ಹೆಣ್ಣುಧ್ವನಿಗಳೂ, ಆ ಧ್ವನಿಗಳಿಗೆ ತಕ್ಕ ಬೇರೆಬೇರೆಯಾದ ಹಾಡುಗಳೂ ಆಗ ನಮ್ಮ ಕಿವಿಗೆ ಬೀಳುತ್ತಿದ್ದವು.

ಸುಶೀಲಾ ಅವರು ಆಂಧ್ರದ ವಿಜಯನಗರಂನಲ್ಲಿ 1935ರಲ್ಲಿ ಹುಟ್ಟಿದವರು. 2016ರಲ್ಲಿ ಗಿನ್ನೆಸ್ ಸಂಸ್ಥೆಯವರು ಅವರ ಹೆಸರಿಗೆ 17,695 ಹಾಡುಗಳನ್ನು ದಾಖಲಿಸಿದರು. ಆ ಸಂಖ್ಯೆಗಿಂತ ನನಗೆ ದೊಡ್ಡದಾಗಿ ಕಾಣುವುದು 'ಹೂವು ಚೆಲುವೆಲ್ಲಾ ನಂದೆಂದಿತು' ಎಂಬ ಒಂದೇ ಹಾಡು. ವಿಧವೆಯ ಮರುಮದುವೆಯ ಕಥೆ ಹೇಳುವ 'ಹಣ್ಣೆಲೆ ಚಿಗುರಿದಾಗ' ಚಿತ್ರಕ್ಕೆ ಎಂ. ರಂಗರಾವ್ ಅವರು ಮಾಡಿದ ಆ ರಾಗಸಂಯೋಜನೆಯಲ್ಲಿ ಸುಶೀಲಾ ಅವರು ಎಲ್ಲಿಯೂ ಅಳುವುದಿಲ್ಲ, ಎಲ್ಲಿಯೂ ಬೆರಗು ಹುಟ್ಟಿಸಲು ಯತ್ನಿಸುವುದಿಲ್ಲ. ತೊಳೆದಿಟ್ಟ ಹಿತ್ತಾಳೆಯ ಬಿಂದಿಗೆಯಂತೆ ಪ್ರತಿ ಪದವೂ ಹೊಳೆಯುತ್ತದೆ. ಅಮ್ಮನ ವಾದವನ್ನು ನಾನು ಒಪ್ಪಿಕೊಂಡದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಈ ಹಾಡನ್ನು ಒಬ್ಬಳೇ ಕುಳಿತು ಕೇಳಿದಾಗ.

ಜಾನಕಿಯವರ ದಾರಿಯೇ ಬೇರೆ. ಮಗುವಿನ ಧ್ವನಿಯನ್ನೂ ಮುದುಕಿಯ ಧ್ವನಿಯನ್ನೂ ತರಬಲ್ಲವರೆಂದು ಎಲ್ಲರೂ ಅವರನ್ನು ಕೊಂಡಾಡುತ್ತಾರೆ, ಅದು ಸರಿಯೇ. ಆದರೆ ಅವರ ನಿಜವಾದ ಸಾಮರ್ಥ್ಯವಿರುವುದು ಪಾತ್ರ ಬಾಯಿಬಿಟ್ಟು ಹೇಳಲಾಗದ್ದನ್ನು ಧ್ವನಿಯಲ್ಲಿ ಹೇಳುವುದರಲ್ಲಿ ಎಂದು ನನ್ನ ಅಭಿಪ್ರಾಯ. 1973ರ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ 'ವಿರಹ ನೂರು ನೂರು ತರಹ' ಕೇಳಿ ನೋಡಿ. ದಾಂಪತ್ಯದಲ್ಲಿ ದೇಹದ ಸುಖದಿಂದ ವಂಚಿತಳಾದ ಮಾಧವಿಯ ಬೇಗೆಯನ್ನು ಅವರು ಕೂಗಿ ಹೇಳುವುದಿಲ್ಲ. ಸಾಲಿನ ಕೊನೆಯಲ್ಲಿ ಉಳಿಯುವ ಉಸಿರನ್ನೂ ಹಾಡಿನೊಳಗೆ ಸೇರಿಸಿಕೊಂಡು, ತಗ್ಗಿದ ಧ್ವನಿಯಲ್ಲಿ, ಪಕ್ಕದ ಕೋಣೆಯವರಿಗೆ ಕೇಳಿಸಬಾರದೆಂಬಂತೆ ಹಾಡುತ್ತಾರೆ. ಅದೇ ಗಾಯಕಿ 'ಬೆಳ್ಳಿಮೋಡ'ದಲ್ಲಿ ಬೇಂದ್ರೆಯವರ 'ಮೂಡಲ ಮನೆಯ' ಹಾಡುವಾಗ ಬೆಟ್ಟದ ತುದಿಯಲ್ಲಿ ನಿಂತವರ ಧ್ವನಿ ಕೇಳಿಸುತ್ತದೆ. 2017ರಲ್ಲಿ ಮೈಸೂರಿನಲ್ಲಿ ತಮ್ಮ ವಿದಾಯದ ಕಛೇರಿಯನ್ನು ಅವರು ನಡೆಸಿದರು. ಇನ್ನು ಹಾಡುವುದಿಲ್ಲವೆಂದು ಹೇಳಲು ಅವರು ಕನ್ನಡ ನಾಡನ್ನೇ ಆರಿಸಿಕೊಂಡರೆಂಬುದು ನಮಗೆ ಸಂದ ದೊಡ್ಡ ಗೌರವವೆಂದು ನಾನು ಭಾವಿಸಿದ್ದೇನೆ.

ವಾಣಿ ಜಯರಾಂ ಅವರ ಬಗ್ಗೆ ಬರೆಯಲು ಕುಳಿತರೆ ಕೈ ನಿಲ್ಲುವುದಿಲ್ಲ. ವೆಲ್ಲೂರಿನಲ್ಲಿ ಹುಟ್ಟಿ, ಬ್ಯಾಂಕಿನ ಉದ್ಯೋಗದಲ್ಲಿದ್ದು, ಮದುವೆಯ ಬಳಿಕ ಮುಂಬಯಿಯಲ್ಲಿ ಉಸ್ತಾದ್ ಅಬ್ದುಲ್ ರಹಮಾನ್ ಖಾನ್ ಅವರ ಬಳಿ ಹಿಂದೂಸ್ತಾನಿ ಸಂಗೀತವನ್ನು ಕಲಿತ ಅವರ ಕಂಠದಲ್ಲಿ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳ ಶಿಸ್ತು ಕೂಡಿತ್ತು. ಸ್ವರದ ಸುತ್ತ ಸುಳಿಯದೆ ನೇರವಾಗಿ ಸ್ವರದ ಮೇಲೆಯೇ ಬಂದು ನಿಲ್ಲುವ ಆ ಖಚಿತತೆಯೇ ನನ್ನನ್ನು ಹುಡುಗಿಯಾಗಿದ್ದಾಗ ಸೆಳೆದದ್ದು. ರಾಜನ್–ನಾಗೇಂದ್ರ ಅವರ 'ಎರಡು ಕನಸು' ಚಿತ್ರವನ್ನೇ ತೆಗೆದುಕೊಳ್ಳೋಣ. ಅದರಲ್ಲಿ 'ಪೂಜಿಸಲೆಂದೇ ಹೂಗಳ ತಂದೆ' ಜಾನಕಿಯವರದು, 'ಎಂದೆಂದೂ ನಿನ್ನನು ಮರೆತು' ಹಾಡಿನ ಹೆಣ್ಣುಧ್ವನಿ ವಾಣಿಯವರದು. ಒಂದೇ ಚಿತ್ರಕ್ಕೆ ಇಬ್ಬರು ಗಾಯಕಿಯರು ಬೇಕೆಂದು ಆ ಸಂಗೀತ ನಿರ್ದೇಶಕರಿಗೆ ಅನ್ನಿಸಿತಲ್ಲ, ಆ ವಿವೇಕಕ್ಕೆ ನಾನು ಕೈಮುಗಿಯುತ್ತೇನೆ. 2023ರ ಜನವರಿಯಲ್ಲಿ ವಾಣಿಯವರಿಗೆ ಪದ್ಮಭೂಷಣ ಘೋಷಣೆಯಾಯಿತು, ಫೆಬ್ರವರಿ 4ರಂದು ಅವರು ತೀರಿಕೊಂಡರು. ಪ್ರಶಸ್ತಿಯನ್ನು ಕೈಯಲ್ಲಿ ಹಿಡಿಯುವ ಮೊದಲೇ ಅವರು ಹೊರಟುಹೋದರೆಂಬ ನೋವು ನನಗಿನ್ನೂ ಆರಿಲ್ಲ.

ಇವೆಲ್ಲ ಹಳೆಯದನ್ನು ಹಂಬಲಿಸುವ ಮುದುಕಿಯ ಮಾತುಗಳೆಂದು ದಯವಿಟ್ಟು ಪಕ್ಕಕ್ಕೆ ಸರಿಸಬೇಡಿ. ಆ ಹಾಡುಗಳು ಎಲ್ಲಿಂದ ಹುಟ್ಟಿದವು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕ ಸಂಗತಿಯೇ ಈ ಪತ್ರದ ಮುಖ್ಯ ವಿಷಯ. 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ' ಈ ಮೂರೂ ತ್ರಿವೇಣಿಯವರ ಕಾದಂಬರಿಗಳು. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು. 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ತ್ರಿವೇಣಿಯವರು ಈ ಚಿತ್ರಗಳಲ್ಲಿ ಒಂದನ್ನೂ ನೋಡಲಿಲ್ಲ. ಹೆಣ್ಣಿನ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂದು ಹೆಣ್ಣುಮಗಳೊಬ್ಬಳು ನೂರಾರು ಪುಟಗಳಲ್ಲಿ ಬರೆದಿದ್ದಳು, ಅದನ್ನು ಪುಟ್ಟಣ್ಣ ಕಣಗಾಲ್ ಅವರಂಥ ನಿರ್ದೇಶಕರು ಗೌರವದಿಂದ ಓದಿದರು, ಕಲ್ಪನಾ ಅವರಂಥ ನಟಿಯರು ಅದನ್ನು ಅಭಿನಯಿಸಿದರು, ಆ ಪಾತ್ರಕ್ಕೆ ತನ್ನೊಡನೆ ತಾನೇ ಮಾತಾಡಿಕೊಳ್ಳುವ ಗಳಿಗೆಗಳಿದ್ದವು, ಆ ಗಳಿಗೆಗಳಿಗೆ ಹಾಡು ಬೇಕಾಯಿತು. 'ಗೆಜ್ಜೆಪೂಜೆ'ಯ 'ಗಗನವು ಎಲ್ಲೋ ಭೂಮಿಯು ಎಲ್ಲೋ' ಎಂಬ ಹಾಡಿನಲ್ಲಿ ಜಾನಕಿಯವರ ಧ್ವನಿ ಹಗುರಾಗಿ ತೇಲಿದ್ದು, ದೇವದಾಸಿ ಮನೆತನದ ಹುಡುಗಿಯೊಬ್ಬಳು ತನಗೂ ಎಲ್ಲರಂತೆ ಬದುಕು ಸಿಕ್ಕೀತೆಂದು ನಂಬಿದ ಆ ಗಳಿಗೆ ಕಥೆಯಲ್ಲಿ ಇದ್ದುದರಿಂದ. ಗಾಯಕಿ ಎಷ್ಟೇ ದೊಡ್ಡವರಾಗಿರಲಿ, ಕಥೆಯಲ್ಲಿ ಹೆಣ್ಣೇ ಇಲ್ಲದಿದ್ದರೆ ಅವರು ಯಾರ ಪರವಾಗಿ ಹಾಡಬೇಕು?

ಇಂದಿನ ಜನಪ್ರಿಯ ಸಂಗೀತ ಕೆಟ್ಟುಹೋಗಿದೆ ಎಂದು ದೂರುವವರು ಸಾಮಾನ್ಯವಾಗಿ ಗದ್ದಲವನ್ನೋ ಸಾಹಿತ್ಯವನ್ನೋ ದೂರುತ್ತಾರೆ. ನನ್ನ ದೂರು ಅದಲ್ಲ. ಈಗಿನ ತಂತ್ರಜ್ಞರ ಶ್ರವಣಶಕ್ತಿ ಬಹಳ ಸೂಕ್ಷ್ಮವಾದದ್ದು, ಒಳ್ಳೆಯ ಕವಿಗಳೂ ಇದ್ದಾರೆ, ಗಾಯಕಿಯರಂತೂ ಧಾರಾಳವಾಗಿದ್ದಾರೆ. 2007ರ 'ದುನಿಯಾ' ಚಿತ್ರದಲ್ಲಿ ಎಂ.ಡಿ. ಪಲ್ಲವಿಯವರು ಹಾಡಿದ 'ನೋಡಯ್ಯ ಕ್ವಾಟೆ ಲಿಂಗವೇ' ಕೇಳಿದಾಗ, ಭಾವಗೀತೆಗಳಲ್ಲಿ ಅಷ್ಟು ಮೃದುವಾಗಿ ಹಾಡುವವರ ಕಂಠದಲ್ಲಿ ಇಷ್ಟು ಮಣ್ಣಿನ ವಾಸನೆಯೂ ಇದೆಯೇ ಎಂದು ನಾನು ಬೆರಗಾಗಿದ್ದೆ. ಅನನ್ಯಾ ಭಟ್ ಅವರ ಕಂಠಕ್ಕೆ ಜನಪದದ ಗಟ್ಟಿತನವಿದೆ. ಆದರೆ ಇವರಿಗೆ ಸಿಗುತ್ತಿರುವ ಹಾಡುಗಳನ್ನು ನೋಡಿ. ಯುಗಳಗೀತೆಯಲ್ಲಿ ಒಂದು ಚರಣ, ನಾಯಕನ ಹೆಸರು ಹೊಗಳುವ ಸಮೂಹಗಾನದ ನಡುವೆ ಒಂದು ಆಲಾಪ, ತಾಯಿಯ ನೆನಪಿನ ದೃಶ್ಯಕ್ಕೆ ಅರ್ಧ ನಿಮಿಷದ ಲಾಲಿ, ಇಲ್ಲವೇ ಕುಣಿತದ ಹಾಡು. ಕುಣಿತದ ಹಾಡು ಕೀಳೆಂದು ನಾನು ಎಂದೂ ಹೇಳುವುದಿಲ್ಲ. ಈಶ್ವರಿಯವರು 'ದೂರದಿಂದ ಬಂದಂಥ ಸುಂದರಾಂಗ ಜಾಣ' ಎಂದು ಹಾಡಿದಾಗ ಅಲ್ಲಿ ತುಂಟತನವಿರುವ, ಆಯ್ಕೆ ಮಾಡುವ ಹೆಣ್ಣೊಬ್ಬಳಿದ್ದಳು. ಈಗಿನ ಅಂಥ ಹಾಡುಗಳಲ್ಲಿ ಹಾಡುವವಳು ತನ್ನನ್ನು ಇತರರು ಹೇಗೆ ನೋಡುತ್ತಾರೆಂಬುದನ್ನಷ್ಟೇ ಹಾಡುತ್ತಾಳೆ.

ಇದಕ್ಕೆ ಕಾರಣಗಳು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಚಿತ್ರವೊಂದರಲ್ಲಿ ಹಾಡುಗಳ ಸಂಖ್ಯೆಯೇ ಕಡಿಮೆಯಾಗಿದೆ. ಇರುವ ಮೂರು ನಾಲ್ಕು ಹಾಡುಗಳಲ್ಲಿ ನಾಯಕನ ಪ್ರವೇಶಕ್ಕೆ ಒಂದು, ಅವನ ಪ್ರೇಮಕ್ಕೆ ಒಂದು, ಅವನ ನೋವಿಗೆ ಒಂದು ಎಂದು ಹಂಚಿಕೆಯಾದ ಮೇಲೆ ನಾಯಕಿಗೆ ಉಳಿಯುವುದೇನು? ಚಿತ್ರ ಬಿಡುಗಡೆಯಾಗುವ ಮೊದಲೇ ಲಿರಿಕಲ್ ವಿಡಿಯೊ ಹೊರಬರಬೇಕು, ಮೊದಲ ದಿನವೇ ಅದನ್ನು ಲಕ್ಷಗಟ್ಟಲೆ ಜನ ನೋಡಬೇಕು, ಹಾಗೆ ನೋಡುವವರು ನಾಯಕನ ಅಭಿಮಾನಿಗಳು ಎಂಬ ಲೆಕ್ಕಾಚಾರವೂ ಇದೆ. ಹಣ ಹೂಡಿದವರ ಆತಂಕ ನನಗೆ ಅರ್ಥವಾಗುತ್ತದೆ, ಅದನ್ನು ಹಗುರಾಗಿ ಕಾಣುವ ಉದ್ದೇಶ ನನಗಿಲ್ಲ.

ಆದರೆ ಹೆಣ್ಣಿನ ಒಂಟಿ ಹಾಡು ಓಡುವುದಿಲ್ಲ ಎಂಬ ನಂಬಿಕೆ ಮಾತ್ರ ತಪ್ಪು. 2017ರಲ್ಲಿ ಬಂದ 'ಚೌಕ' ಚಿತ್ರದಲ್ಲಿ ಅನುರಾಧಾ ಭಟ್ ಅವರು ಹಾಡಿದ 'ಅಪ್ಪಾ ಐ ಲವ್ ಯೂ ಪಾ' ಹಾಡಿನಲ್ಲಿ ಪ್ರೇಮವ್ಯವಹಾರವಿಲ್ಲ, ಕುಣಿತವಿಲ್ಲ, ಮಗಳೊಬ್ಬಳು ತಂದೆಗೆ ಹೇಳುವ ಮಾತಿದೆ. ಮದುವೆಮನೆಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ಅದು ಇಂದಿಗೂ ಕೇಳಿಸುತ್ತಿದೆ. ಮಾದಪ್ಪನ ಮೇಲಿನ 'ಸೋಜುಗಾದ ಸೂಜುಮಲ್ಲಿಗೆ' ಎಂಬ ಜನಪದ ಗೀತೆ ಅನನ್ಯಾ ಭಟ್ ಅವರ ಕಂಠದಲ್ಲಿ ಕನ್ನಡ ಬಾರದವರ ಮನೆಗಳನ್ನೂ ಹೊಕ್ಕಿತು. 2021ರ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಅದೇ ಗೀತೆಯನ್ನು ಚೈತ್ರಾ ಆಚಾರ್ ಅವರು ಹಾಡಿದಾಗ, ಗಂಡಸರ ಹಿಂಸೆಯ ಕಥೆಯ ನಡುವೆ ಆ ಹೆಣ್ಣುಧ್ವನಿ ಎಂಥ ಕೆಲಸ ಮಾಡಿತೆಂಬುದನ್ನು ನೋಡಿದವರೆಲ್ಲ ಬಲ್ಲರು.

ಇನ್ನೊಂದು ನಿದರ್ಶನ ನನ್ನ ಮಾತಿಗೆ ಅತ್ಯಂತ ಹತ್ತಿರವಾದದ್ದು. ಮಂಸೋರೆಯವರ 'ನಾತಿಚರಾಮಿ' ಚಿತ್ರದ 'ಮಾಯಾವಿ ಮನವೇ' ಹಾಡಿಗಾಗಿ ಬಿಂದುಮಾಲಿನಿಯವರಿಗೆ 2018ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕಿ ರಾಷ್ಟ್ರಪ್ರಶಸ್ತಿ ಬಂದಿತು. ಚಿತ್ರದ ಸಂಗೀತವೂ ಅವರದೇ. ಅದು ಗಂಡನನ್ನು ಕಳೆದುಕೊಂಡ ಯುವತಿಯೊಬ್ಬಳ ದೇಹ ಮತ್ತು ಮನಸ್ಸುಗಳ ತೊಳಲಾಟದ ಕಥೆ. ಮಾಧವಿಯ ವಿರಹಕ್ಕೂ ಈ ಹಾಡಿಗೂ ನಡುವೆ ನಲವತ್ತೈದು ವರ್ಷಗಳ ಅಂತರವಿದೆ, ಆದರೆ ಎರಡೂ ಹುಟ್ಟಿದ ಬಗೆ ಒಂದೇ. ಹೆಣ್ಣಿಗೂ ಒಂದು ಒಳಬದುಕು ಇದೆಯೆಂದು ಕಥೆ ಒಪ್ಪಿಕೊಂಡಿತು, ಕೂಡಲೇ ಹಾಡು ಬಂತು.

ಗಾಯಕಿಯರು ಹೊರಗಿನವರು ಎಂಬ ಆಕ್ಷೇಪಕ್ಕೆ ನನ್ನ ಬೆಂಬಲವಿಲ್ಲ. ನಮ್ಮ ಮನೆಯ ಮೂರು ಪಕ್ಷಗಳ ನಾಯಕಿಯರಲ್ಲಿ ಒಬ್ಬರ ಮನೆಮಾತೂ ಕನ್ನಡವಾಗಿರಲಿಲ್ಲ. 'ಮುಂಗಾರು ಮಳೆ'ಯ 'ಅರಳುತಿರು ಜೀವದ ಗೆಳೆಯ' ಹಾಡಿದ ಶ್ರೇಯಾ ಘೋಷಾಲ್ ಅವರು ಬಂಗಾಳಿಯಾದರೂ ಜಯಂತ ಕಾಯ್ಕಿಣಿಯವರ ಸಾಲುಗಳನ್ನು ಎಷ್ಟು ಎಚ್ಚರದಿಂದ ಉಚ್ಚರಿಸಿದ್ದಾರೆಂಬುದನ್ನು ತರಗತಿಯಲ್ಲಿ ನಾನೇ ಉದಾಹರಣೆಯಾಗಿ ಹೇಳಿದ್ದೇನೆ. ಪ್ರಶ್ನೆ ಹುಟ್ಟೂರಿನದಲ್ಲ, ಹಾಡಿನೊಡನೆ ಕಳೆಯುವ ಹೊತ್ತಿನದು. ಮದರಾಸಿನ ಸ್ಟುಡಿಯೊಗಳಲ್ಲಿ ವಾದ್ಯವೃಂದದೊಡನೆ ನಿಂತು ಒಂದೇ ಉಸಿರಿಗೆ ಇಡೀ ಹಾಡನ್ನು ಹಾಡಬೇಕಾಗಿದ್ದ ದಿನಗಳಲ್ಲಿ ಗಾಯಕಿ ಸನ್ನಿವೇಶವನ್ನು ಕೇಳಿ ತಿಳಿದು, ಸಾಹಿತ್ಯವನ್ನು ಬರೆದುಕೊಂಡು, ತಾಲೀಮು ಮಾಡಿಯೇ ಮೈಕಿನ ಮುಂದೆ ಹೋಗುತ್ತಿದ್ದರು. ಈಗ ಹಾಡನ್ನು ಸಾಲು ಸಾಲಾಗಿ ತುಂಡರಿಸಿ ಧ್ವನಿಮುದ್ರಿಸಿ, ಶ್ರುತಿ ತಪ್ಪಿದ್ದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿ ಜೋಡಿಸಲಾಗುತ್ತದೆ. ಹೀಗೆ ಸರಿಪಡಿಸುವಾಗ ತಪ್ಪಿನ ಜೊತೆಗೆ ಒಬ್ಬೊಬ್ಬರ ಕಂಠಕ್ಕೆ ಸಹಜವಾದ ಚಿಕ್ಕ ಚಿಕ್ಕ ಅಲುಗಾಟಗಳೂ ಗಮಕಗಳೂ ಅಳಿಸಿಹೋಗುತ್ತವೆ. ರೇಡಿಯೊದಲ್ಲಿ ಹೊಸ ಹಾಡು ಬಂದಾಗ ಹಾಡುತ್ತಿರುವವರು ಯಾರೆಂದು ಗುರುತಿಸಲು ನನಗೆ ಕಷ್ಟವಾಗುವುದು ಬಹುಶಃ ಇದರಿಂದಲೇ. ವಯಸ್ಸಾದ ಕಿವಿಯದೇ ದೋಷವೆಂದುಕೊಂಡಿದ್ದೆ, ಆದರೆ ಕಾಲೇಜು ಓದುವ ನನ್ನ ಸೋದರ ಸೊಸೆಯೂ ಇದನ್ನೇ ಹೇಳುತ್ತಾಳೆ.

ಈ ಮಾತಿಗೆ ಸೇರಿದ ಒಂದು ನೋವಿನ ಸಂಗತಿಯನ್ನು ಹೇಳದೆ ಇರಲಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಟ್ರ್ಯಾಕ್ ಹಾಡುತ್ತಾಳೆ. ಎಂದರೆ, ಹೆಸರಾಂತ ಗಾಯಕಿ ಬಂದು ಹಾಡುವವರೆಗೆ ರಾಗವೂ ಸಾಹಿತ್ಯವೂ ಎಲ್ಲರಿಗೂ ತಿಳಿಯಲೆಂದು ಮಾದರಿಯಾಗಿ ಹಾಡಿಕೊಡುವ ಕೆಲಸ. ಒಂದು ಚಿತ್ರಕ್ಕೆ ಅವಳು ಹಾಡಿದ ಟ್ರ್ಯಾಕನ್ನು ಹಾಗೆಯೇ ಉಳಿಸಿಕೊಳ್ಳುತ್ತೇವೆಂದು ಮಾತು ಕೊಟ್ಟಿದ್ದರು. ಅವಳು ಊರಿಗೆ ಫೋನ್ ಮಾಡಿ ಅಪ್ಪ ಅಮ್ಮನಿಗೂ ನನಗೂ ಸುದ್ದಿ ಹೇಳಿದಳು. ಹಾಡು ಬಿಡುಗಡೆಯಾದ ದಿನ ಮನೆಮಂದಿಯೆಲ್ಲ ಕೂಡಿ ಕೇಳಿದಾಗ ಧ್ವನಿ ಬೇರೆಯವರದಾಗಿತ್ತು. ಬದಲಾಯಿಸಿದ್ದು ಅವರ ಹಕ್ಕಿರಬಹುದು, ಆದರೆ ಒಂದು ಕರೆ ಮಾಡಿ ತಿಳಿಸುವ ಸೌಜನ್ಯವನ್ನೂ ಯಾರೂ ತೋರಲಿಲ್ಲ. ಅವಳ ತಿರುವುಗಳು, ಅವಳು ಉಸಿರು ತೆಗೆದುಕೊಂಡ ಜಾಗಗಳು, ಒಂದು ಪದವನ್ನು ಅವಳು ಒತ್ತಿದ ರೀತಿ ಎಲ್ಲವೂ ಆ ಹೊಸ ಧ್ವನಿಯಲ್ಲಿ ಹಾಗೆಯೇ ಇದ್ದವು. ಅವಳ ಹೆಸರು ಮಾತ್ರ ಇರಲಿಲ್ಲ.

ಧ್ವನಿಗಳ ಏಕತಾನತೆಯ ಬಗ್ಗೆಯೂ ಒಂದು ಮಾತು. ನಾಯಕಿಗೆ ಎಷ್ಟೇ ವಯಸ್ಸಿರಲಿ, ಅವಳ ಹಾಡು ತೆಳುವಾದ, ಎಳೆಯ, ತಾರಸ್ಥಾಯಿಯ ಧ್ವನಿಯಲ್ಲೇ ಇರಬೇಕೆಂಬ ಅಲಿಖಿತ ನಿಯಮವೊಂದು ನಡೆದುಬಂದಿದೆ. ಗಂಗೂಬಾಯಿ ಹಾನಗಲ್ ಅವರು ಹುಟ್ಟಿ ಬೆಳೆದ ನಾಡು ಇದು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಭಾರವಾದ ತಮ್ಮ ಧ್ವನಿಯನ್ನು ಅವರು ಬಚ್ಚಿಡಲಿಲ್ಲ, ಆ ಭಾರದಿಂದಲೇ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾನೆಯ ಗಾಯನವನ್ನು ಕಟ್ಟಿ ನಿಲ್ಲಿಸಿದರು, ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟಿತು. ಶಾಸ್ತ್ರೀಯ ಸಂಗೀತದಲ್ಲಿ ನಾವು ತಲೆಬಾಗುವ ಕಂಠಕ್ಕೆ ಸಿನಿಮಾದಲ್ಲಿ ಪಾತ್ರವೇ ಇಲ್ಲವೇ? ನಲವತ್ತೈದು ವರ್ಷದ ವಕೀಲೆ, ಬೀಡಿ ಕಟ್ಟುವ ತಾಯಿ, ರಾತ್ರಿ ಪಾಳಿ ಮುಗಿಸಿ ಬಸ್ಸಿಗಾಗಿ ಕಾಯುವ ನರ್ಸ್ ಇವರೆಲ್ಲ ಹಾಡಿದರೆ ಯಾವ ಶ್ರುತಿಯಲ್ಲಿ ಹಾಡಿಯಾರು ಎಂದು ತಾವು ಯೋಚಿಸಿದ್ದುಂಟೇ?

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಕಥೆಯ ಚರ್ಚೆಗೆ ಕುಳಿತಾಗ, ಹಾಡುಗಳ ಹಂಚಿಕೆ ಮಾಡುವ ಮೊದಲು, ಈ ಹೆಣ್ಣು ಒಬ್ಬಳೇ ಇರುವಾಗ ಏನನ್ನು ಯೋಚಿಸುತ್ತಾಳೆಂದು ಒಮ್ಮೆ ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಅದಕ್ಕೊಂದು ಹಾಡು ಕೊಡಿ. ಉತ್ತರ ಸಿಗದಿದ್ದರೆ ನಮ್ಮ ಲೇಖಕಿಯರ ಪುಸ್ತಕಗಳು ಗ್ರಂಥಾಲಯಗಳಲ್ಲಿವೆ, ಜೀವಂತವಾಗಿ ಬರೆಯುತ್ತಿರುವ ಲೇಖಕಿಯರು ತಮ್ಮ ಕರೆಗೆ ದೂರವಿಲ್ಲ. ಆ ಹಾಡನ್ನು ಹಾಡುವವಳಿಗೆ ಸನ್ನಿವೇಶವನ್ನು ಪೂರ್ತಿಯಾಗಿ ಹೇಳಿ, ಕವಿಯೊಡನೆ ಒಂದು ಮಧ್ಯಾಹ್ನ ಕುಳಿತುಕೊಳ್ಳಲು ಬಿಡಿ. ಟ್ರ್ಯಾಕ್ ಹಾಡಿದವಳ ಹೆಸರನ್ನು ಹಾಡಿನ ವಿವರಗಳಲ್ಲಿ ಒಂದು ಸಾಲಾಗಿ ಸೇರಿಸಿದರೆ ತಮಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಖಾಸಗಿ ಎಫ್‌ಎಂ ವಾಹಿನಿಯವರಲ್ಲಿಯೂ ಇದೇ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ: ಹಾಡು ಹಾಕುವಾಗ ನಟರ ಹೆಸರಿನ ಜೊತೆಗೆ ಹಾಡಿದವರ ಹೆಸರನ್ನೂ ಹೇಳಿ. ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ಭದ್ರಾವತಿಯ ಉದ್ಘೋಷಕರು ಪ್ರತಿ ಹಾಡಿಗೂ ತಪ್ಪದೆ ಹೇಳುತ್ತಿದ್ದುದರಿಂದಲೇ, ಎಂದೂ ಸಿನಿಮಾ ಮಂದಿರಕ್ಕೆ ಹೋಗದ ನಮ್ಮ ಅಮ್ಮನಿಗೆ ಸುಶೀಲಾ ಯಾರು, ಜಾನಕಿ ಯಾರು ಎಂದು ಗೊತ್ತಿತ್ತು.

ನನ್ನನ್ನು ಆ ಪ್ರಶ್ನೆ ಕೇಳಿದ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಶನಿವಾರ ಸಂಜೆ ನಮ್ಮ ಮನೆಗೆ ಬಂದು ಹಾಡು ಕಲಿಯುತ್ತಾಳೆ. ಅವಳದು ತಗ್ಗಿನ, ಸ್ವಲ್ಪ ಒರಟಾದ, ಮಂದ್ರದಲ್ಲಿ ತುಂಬಿಕೊಂಡು ಬರುವ ಕಂಠ. ವಾಣಿ ಜಯರಾಂ ಅವರ ಹಾಡುಗಳನ್ನು ಅವಳ ಶ್ರುತಿಗೆ ಇಳಿಸಿ ಹೇಳಿಕೊಡುತ್ತಿದ್ದೇನೆ, ಕಲಿಯುತ್ತಾಳೆ, ಆದರೆ ಅವು ಅವಳ ಕಂಠಕ್ಕಾಗಿ ಹುಟ್ಟಿದ ಹಾಡುಗಳಲ್ಲ. ಈ ಸಲದ ಗಣಪತಿ ಹಬ್ಬದ ಸ್ಪರ್ಧೆಗೆ ಹೊಸ ಹಾಡನ್ನೇ ಹಾಡಬೇಕೆಂದು ಅವಳ ಹಟ. ಹಬ್ಬಕ್ಕೆ ಇನ್ನೂ ಕೆಲವು ತಿಂಗಳುಗಳಿವೆ, ಅಷ್ಟರೊಳಗೆ ತಮ್ಮ ಎಷ್ಟೋ ಚಿತ್ರಗಳು ತೆರೆಗೆ ಬರಲಿವೆ. ನಾವಿಬ್ಬರೂ ಕಾದು ಕೇಳುತ್ತಿರುತ್ತೇವೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕಿ
ಶಿವಮೊಗ್ಗ